ಎಕಿಡ್ನಾ ಮತ್ತು ಎರಡು ಫ್ರಿಜ್ಜು

ಪರದೇಶದ ಮಿಲ್ ಕ್ರೀಕ್ ಎಂಬ ಊರಿನಲ್ಲಿ ನಾನು ಇಳಿದುಕೊಂಡಿರುವ ಮನೆಯಲ್ಲಿ ಎರಡು ಫ್ರಿಜ್ಜುಗಳಿವೆ. ಹಾಲು ಅಡುಗೆಮನೆಯದರಲ್ಲಿ, ಮೊಟ್ಟೆ ಗ್ಯಾರೇಜಿನದರಲ್ಲಿ. ಇದು ಧಾರವಾಡದಿಂದ ಬಂದಿರುವ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಕಟ್ಟಪ್ಪಣೆ. ಮನೆ ಮಗ, ಸೊಸೆಯದಾದರೂ ಇಬ್ಬರೂ ಅದರಂತೆಯೇ ನಡೆಯುತ್ತಾರೆ.

ಇವತ್ತು ಬೆಳಿಗ್ಗೆ ಆಟಿಕೆ ಅಂಗಡಿಯಲ್ಲಿ ಕಾಕುವಿನ ಮೊಮ್ಮಗಳು ಅನಘಾ ಒಂದು ಗೊಂಬೆಯನ್ನು ಅವುಚಿಕೊಂಡಳು. ಮೈತುಂಬ ಬಟ್ಟೆಯ ಮುಳ್ಳು, ಊದುಗೊಳವೆಯಂಥ ಮೂತಿ. ನಾನು ಮುಳ್ಳುಹಂದಿ ಅಂದುಕೊಂಡೆ. ಕುತ್ತಿಗೆಯ ಚೀಟಿ ನೋಡಿದರೆ ಎಕಿಡ್ನಾ, ಆಸ್ಟ್ರೇಲಿಯಾದ ಪ್ರಾಣಿ. ಮೊಟ್ಟೆ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ ಎಂದಿತ್ತು. ಅದನ್ನು ಜೊತೆಗಿದ್ದ ಕಾಕುವಿಗೆ ಕನ್ನಡದಲ್ಲಿ ಓದಿ ಹೇಳಿದ್ದೇ ನನ್ನ ತಪ್ಪು.

"ಹಾಲೂ ಕೊಡ್ತದ, ತತ್ತೀನೂ ಇಡ್ತದ?" ಕಾಕು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾರ ಇದು ಅಡಗಿಮನಿದೋ, ಗ್ಯಾರೇಜಿಂದೋ?"

"ಅಜ್ಜಿ, ಇಟ್ಸ್ ಜಸ್ಟ್ ಅ ಟಾಯ್!" ಅಂದಳು ಅನಘಾ.

ಮಧ್ಯಾಹ್ನ ಊಟಕ್ಕೆ ಕೂತಾಗ ಗೊಂಬೆ ಕಾಣಲಿಲ್ಲ. ಹುಡುಕಿದರೆ ಗ್ಯಾರೇಜಿನಲ್ಲಿ, ಮೊಟ್ಟೆಯ ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು. ಅನಘಾ ಅಳುವುದಕ್ಕೆ ಶುರುಮಾಡಿದಳು. ಪಾಪ, ಒಳಗೆ ಬಿಟ್ಟುಕೊಳ್ಳಿ ಕಾಕೂ ಎಂದು ನಾನೂ ಗೋಗರೆದೆ.

ಕಾಕು ನನ್ನ ಅನ್ನಕ್ಕೆ ತುಪ್ಪ ಹಾಕುತ್ತ ಹೇಳಿದರು: "ನಾ ಎಲ್ಲೆ ಬ್ಯಾಡ ಅಂದೆ? ತತ್ತಿ ಇಡೂದು ಬಿಡ್ಲಿ, ಒಳಗ ಕರಕೋತೀನಿ."