ಅಕ್ಕ ಹಾಳು ಮಾಡಿದ ಫಾರಂ

ಸ್ನೇಹಿತರೇ, ಇವತ್ತು ಬ್ಯಾಂಕಲ್ಲಿ ನನ್ನ ತಂಗಿ ಎದುರು ಪೆಚ್ಚಾದೆ. ಖುಷಿಯಿಂದಲೇ ಹೇಳ್ತಿದ್ದೀನಿ.

ತಂಗಿ ಸುಮಾಗೆ ಮೂವತ್ತೆರಡು. ಡೌನ್ ಸಿಂಡ್ರೋಮ್ ಇದೆ, ಕುರುಬರಹಳ್ಳಿಯ ಬೇಕರಿಯೊಂದರಲ್ಲಿ ಕೆಲಸವೂ ಇದೆ. ಸಂಬಳಕ್ಕೆ ಅವಳದೇ ಖಾತೆ ಬೇಕು ಅಂತ ವಿಜಯನಗರದ ಬ್ಯಾಂಕಿಗೆ ಹೋಗಿದ್ವಿ. ಕೌಂಟರಿನವರು ಅವಳನ್ನು ಬಿಟ್ಟು ನನ್ನನ್ನೇ ನೋಡಿ, "ಮೇಡಂ, ಇಂಥವರಿಗೆ ಗಾರ್ಡಿಯನ್ ಸಹಿ ಬೇಕು" ಅಂದ್ರು. ಅವಳ ಸ್ಕೂಲ್ ಅಡ್ಮಿಷನ್ ಕಾಲದಿಂದ ಅಭ್ಯಾಸವಾದ ಕೈ. ಪೆನ್ ತಗೊಂಡು ಹಾಕೇ ಬಿಟ್ಟೆ.

ಸುಮಾ ಬ್ಯಾಗಿಂದ ಮಡಚಿದ ಜೆರಾಕ್ಸ್ ಒಂದು ತೆಗೆದಳು. ಅಂಗವಿಕಲರ ಹಕ್ಕುಗಳ ಕಾಯ್ದೆ. ಶನಿವಾರ ಅವಳೂ ಅವಳ ಗೆಳತಿಯರೂ ಸೇರೋ ಸಭೆಯಲ್ಲಿ ಕೊಟ್ಟಿದ್ದಂತೆ. ಬೆರಳಿಟ್ಟು ತೋರಿಸಿ, "ಹದಿಮೂರನೇ ಸೆಕ್ಷನ್ ಓದಿ ಸಾರ್. ನನ್ನ ದುಡ್ಡು ನಾನೇ ನೋಡ್ಕೋಬಹುದು" ಅಂದಳು.

ಅವರು ಓದಿದ್ರು. ಒಳಗೆ ಹೋಗಿ ಮ್ಯಾನೇಜರ್‌ಗೂ ತೋರಿಸಿ ಬಂದ್ರು. "ಸರಿ ಮೇಡಂ, ನೀವೇ ಸಹಿ ಹಾಕಿ" ಅಂದ್ರು. ಈ ಸಲ ಮೇಡಂ ಅಂದಿದ್ದು ಸುಮಾಗೆ.

"ಹೊಸ ಫಾರಂ ಕೊಡಿ ಸಾರ್. ಇದನ್ನ ಅಕ್ಕ ಹಾಳು ಮಾಡಿದಾಳೆ."

ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದಳು. ಹಿಂದೆ ಕ್ಯೂ ಬೆಳೀತಾ ಇತ್ತು, ಅವಳು ಅವಸರ ಮಾಡಲಿಲ್ಲ. ಆಮೇಲೆ ಪೆನ್ ನನ್ನ ಕೈಗೆ ಕೊಟ್ಟು, "ಸಾಕ್ಷಿ ಅಂತ ಒಂದು ಜಾಗ ಇದೆ ನೋಡು. ಬೇಕಾದ್ರೆ ಅಲ್ಲಿ ಹಾಕು" ಅಂದಳು.

ಹಾಕಿದೆ. ಅವಳಿಗಾಗಿ ಇಷ್ಟು ವರ್ಷ ಎಷ್ಟು ಸಹಿ ಹಾಕಿದೀನೋ ನೆನಪಿಲ್ಲ. ಅವಳು ಹೇಳಿ ಹಾಕಿಸ್ಕೊಂಡಿದ್ದು ಮಾತ್ರ ಇದೇ ಮೊದಲು.