ರಾಕ್ಷಸನ ಸಹರಿ

ಒಂದು ಕೃತಿ ರೂಪುಗೊಳ್ಳುವುದರ ಹಿಂದೆ ಶತಮಾನಗಳ ಧರ್ಮಚಿಂತನೆಯೂ ಕಾವ್ಯಪರಂಪರೆಯೂ ಮೌನವಾಗಿ ಕೆಲಸ ಮಾಡುತ್ತಿರುತ್ತವೆ. ನನ್ನ ಕಾದಂಬರಿಯ ಹಿಂದೆ ಕೆಲಸ ಮಾಡಿದ್ದು ಎರಡು ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಯ.

ಗುಬ್ಬಿಯಲ್ಲಿ ನನ್ನದು ಟ್ರಂಕಿನ ಅಂಗಡಿ. ಈಗ ಟ್ರಂಕು ಕೊಳ್ಳುವವರಿಲ್ಲವಾದ್ದರಿಂದ ಬರೆಯಲು ಬೇಕಾದಷ್ಟು ಪುರುಸೊತ್ತು. ಹಾರುವ ಬೆಟ್ಟ, ಮಾತಾಡುವ ಕೆರೆ, ರಾಕ್ಷಸ ಎಲ್ಲ ಇರುವ ಅದ್ಭುತ ಕಾದಂಬರಿಯೊಂದನ್ನು ಬರೆದೆ. ಅದರಲ್ಲೊಂದು ಪ್ರಸಂಗವಿದೆ. ಕೊನೆಯ ಯುದ್ಧಕ್ಕೆ ಮುಂಚೆ ರಾಕ್ಷಸ ಊಟಕ್ಕೆ ಕೂರುತ್ತಾನೆ. ಅವನು ಉಂಡು ಕೈ ತೊಳೆಯುವವರೆಗೆ ನಾಯಕ ಕತ್ತಿ ಕೆಳಗಿಟ್ಟು ಕಾಯುತ್ತಾನೆ.

ತುಮಕೂರಿನ ಪ್ರಕಾಶಕರು ಇದಕ್ಕೆ ಮುನ್ನುಡಿ ಬರೆಸಿದ್ದು ಕುಣಿಗಲ್ಲಿನಲ್ಲಿ ನೆಲೆಸಿರುವ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿಂದ. ಕರಡು ಕೈಗೆ ಬಂದಾಗ ನೋಡುತ್ತೇನೆ: ಶತ್ರುವಿಗೆ ಕಾಲಾವಕಾಶ ಕೊಡುವ ಈ ಔದಾರ್ಯ ಮಧ್ಯಯುಗದ ಯುರೋಪಿನ ಯೋಧಧರ್ಮದ ನೇರ ಪ್ರಭಾವವಂತೆ. ನಾನು ಯುರೋಪನ್ನು ನೋಡಿಲ್ಲ. ಮಧ್ಯಯುಗವನ್ನೂ ನೋಡಿಲ್ಲ, ನನಗೆ ಅಷ್ಟು ವಯಸ್ಸಾಗಿಲ್ಲ. ಹೊಟ್ಟೆ ಉರಿದದ್ದು ಅದಕ್ಕಲ್ಲ. ನಾನು ಬರೆದುಕೊಟ್ಟಿದ್ದ ‘ಲೇಖಕನ ಮಾತು’ ಪುಟವನ್ನೇ ಪ್ರಕಾಶಕರು ಕಿತ್ತುಹಾಕಿದ್ದರು. ಆ ಪುಟದಲ್ಲಿ ಇದ್ದವರು ನನ್ನ ತಂದೆ.

ತಂದೆ ತಗಡಿನ ಕೆಲಸದವರು. ಸಿ.ಎಸ್. ಪುರದ ಯಕ್ಷಗಾನ ಮೇಳದವರು ಒಮ್ಮೆ ರಾಕ್ಷಸನ ಕಿರೀಟವನ್ನು ರಿಪೇರಿಗೆ ತಂದರು. ಬೆಸುಗೆ ಹಾಕಿ, ಸರಿಹೋಯಿತೇ ಎಂದು ತಂದೆ ಹಾಕಿಕೊಂಡು ನೋಡಿದರು. ಅಷ್ಟು ಸಮರ್ಪಕವಾದ ತಲೆ ಆ ಮೇಳಕ್ಕೆ ಅದುವರೆಗೆ ಸಿಕ್ಕಿರಲಿಲ್ಲ. ಅಂದಿನಿಂದ ಅವರೇ ರಾಕ್ಷಸ.

ಕೆಲವು ವರ್ಷ ಆಟದ ಕಾಲಕ್ಕೇ ರಂಜಾನ್ ತಿಂಗಳು ಬರುತ್ತಿತ್ತು. ರಾಕ್ಷಸ ಸಾಯಬೇಕಾದದ್ದು ಬೆಳಗಿನ ಜಾವ. ಉಪವಾಸ ಹಿಡಿಯುವವರು ಸಹರಿಯ ಊಟ ಮುಗಿಸಬೇಕಾದದ್ದೂ ಅದೇ ಹೊತ್ತಿಗೆ. ಹೀಗಾಗಿ ಮೇಳದಲ್ಲೊಂದು ಪದ್ಧತಿ ಬಿತ್ತು. ಭಾಗವತರು ಯುದ್ಧದ ಪದವನ್ನು ಎಳೆದು ಎಳೆದು ಹಾಡುವರು. ತಂದೆ ತೆರೆಯ ಹಿಂದೆ ಕಿರೀಟ ಬಿಚ್ಚದೆ ಕೂತು ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತಿನ್ನುವರು. ದೇವರ ವೇಷದವರು ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ರಂಗದ ಬೆಂಚಿನ ಮೇಲೆ ಕಾಯುವರು.

“ಬೇಗ ಉಣ್ಲಾ ರಾಕ್ಷಸ, ಬೆಳಕಾಯ್ತದೆ!” ಎಂದು ಜನರ ನಡುವಿನಿಂದ ಯಾರಾದರೂ ಕೂಗುವರು.

“ಸುಮ್ಕಿರ್ಲಾ, ಸಾಬ್ರು ನೀರ್ ಕುಡೀಲಿ. ಕೊಲ್ಲೋದು ಎಲ್ಲೋಗ್ತದೆ?” ಎನ್ನುವರು ಸಾಕ್ಷಾತ್ ದೇವರು.

ತಂದೆ ನೀರು ಕುಡಿದು, ಉಪವಾಸದ ಸಂಕಲ್ಪ ಹೇಳಿಕೊಂಡು, ಹೊರಬಂದು ಅಬ್ಬರಿಸಿ, ಸಾಯುತ್ತಿದ್ದರು. ನನ್ನ ಧಾರ್ಮಿಕ ಪ್ರಭಾವ ಇದು. ಸಾಹಿತ್ಯಿಕ ಪ್ರಭಾವವೂ ಇದೇ. ಬೇರೆ ದಾಸ್ತಾನಿಲ್ಲ.

ಕರಡನ್ನು ಹಿಡಿದು ತುಮಕೂರಿಗೆ ಹೋದೆ. “ನನ್ನ ಪುಟ ಎಲ್ಲಿ ಸಾರ್?” ಎಂದು ಪ್ರಕಾಶಕರನ್ನು ಕೇಳಿದೆ.

“ಕೋಪ ಮಾಡ್ಕೋಬೇಡಿ ಸಾಹೇಬ್ರೆ. ಮೇಷ್ಟ್ರು ಒಂದ್ ಹೇಳ್ತಾರೆ, ನೀವ್ ಒಂದ್ ಹೇಳ್ತೀರಿ. ಅಲ್ದೆ ಈಗಿನ ಟೈಮಲ್ಲಿ, ಸಾಬ್ರು ರಾಕ್ಷಸ ಆಗಿ, ರೋಜಾ ಇಟ್ಕೊಂಡು, ದೇವ್ರ ಕೈಲಿ ಸಾಯ್ತಾರೆ ಅಂದ್ರೆ ನಿಮ್ಮೋರೂ ಜಗಳಕ್ಕೆ ಬರ್ತಾರೆ, ನಮ್ಮೋರೂ ಬರ್ತಾರೆ. ಯುರೋಪಾದ್ರೆ ಯಾರೂ ಬರಲ್ಲ.”

ಜಗಳಕ್ಕೆ ಬರುವುದಿಲ್ಲವೆಂಬ ಒಂದೇ ಅರ್ಹತೆಯ ಮೇಲೆ ಯುರೋಪಿಗೆ ನನ್ನ ತಂದೆಯ ಜಾಗ ಮಂಜೂರಾಗಿತ್ತು.

“ಬೇಕಾದ್ರೆ ಮೇಷ್ಟ್ರನ್ನೇ ಕೇಳಿ. ಅವರು ತಿದ್ದಿದ್ರೆ ನಂದೇನೂ ಅಡ್ಡಿ ಇಲ್ಲ. ಆದ್ರೆ ಅವರ ಮುನ್ನುಡಿ ಇದ್ರೇನೇ ಲೈಬ್ರರಿಯೋರು ಪುಸ್ತಕ ತಗೊಳ್ಳೋದು, ನೆನಪಿರ್ಲಿ.”

ಅಲ್ಲಿಂದಲೇ ಕುಣಿಗಲ್ ಬಸ್ಸು ಹತ್ತಿದೆ. ಪ್ರಾಧ್ಯಾಪಕರು ಕಾಫಿ ಕೊಟ್ಟರು, ಕೂರಿಸಿದರು, ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

“ನೋಡಿ, ಪ್ರಭಾವ ಅನ್ನೋದು ಲೇಖಕನಿಗೇ ಗೊತ್ತಿರಲ್ಲ.”

“ನಂಗೊತ್ತು ಸಾರ್. ಮುಂದೆ ಕೂತು ನೋಡಿದೀನಿ.”

“ಅದು ನಿಮ್ಮ ಮನೆ ವಿಷಯ ಕಣ್ರೀ, ಸಾಹಿತ್ಯದ್ದಲ್ಲ. ನಿಮ್ಮ ತಂದೆ ಏನು ಓದ್ಕೊಂಡಿದ್ರು?”

“ಏನೂ ಇಲ್ಲ. ಪದ ಎಲ್ಲಾ ಬಾಯಲ್ಲೇ ಇದ್ವು.”

“ಮತ್ತೆ!” ಎಂದು ಮೊಕದ್ದಮೆ ಗೆದ್ದವರಂತೆ ಲೋಟ ಕೆಳಗಿಟ್ಟರು.

“ಉಪವಾಸ ಇರೋನು ಉಣ್ಲಿ ಅಂತ ಕಾಯ್ತಿದ್ರು ಸಾರ್, ಅಷ್ಟೇ. ಅದಕ್ಕೆ ಯಾವ ದೇಶದ ಯೋಧ ಬೇಕು?”

“ಹಾಗಂತ ಬರೆದ್ರೆ ನಿಮ್ಮ ಕಾದಂಬರಿ ಚಿಕ್ಕದಾಗಿ ಕಾಣುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ಅವರು ಕುಹಕಕ್ಕೆ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಿಜವಾದ ಕಳಕಳಿಯಿಂದ ಹೇಳಿದರು, ಮೈಯೆಲ್ಲ ಉರಿದುಹೋಯಿತು. ಕತ್ತಿ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಾ ಕಾದವರು ಸಿ.ಎಸ್. ಪುರದವರು. ಕೀರ್ತಿ ಮಾತ್ರ ಕಬ್ಬಿಣದ ಅಂಗಿ ತೊಟ್ಟ ಯಾರೋ ದೊರೆಗಳಿಗೆ. ನನ್ನ ತಂದೆ ನೂರಾರು ಸಲ ಸತ್ತರು, ದೂರಲಿಲ್ಲ. ಸತ್ತ ಮೇಲೂ ಕಾಗದದ ಮೇಲೆ ಇನ್ನೊಮ್ಮೆ ಸಾಯಿಸುವುದಕ್ಕೆ ಇವರಿಗೆ ಭಾಗವತರ ಪದವೂ ಬೇಕಾಗಲಿಲ್ಲ.

“ಸರಿ ಸಾರ್, ಯುರೋಪು ನಿಮ್ಮ ಹತ್ರಾನೇ ಇರ್ಲಿ,” ಎಂದು ಎದ್ದುಬಂದೆ. ಬಸ್ ಸ್ಟ್ಯಾಂಡಿನಿಂದ ಪ್ರಕಾಶಕರಿಗೆ ಫೋನ್ ಮಾಡಿದೆ.

“ಮುನ್ನುಡಿ ತೆಗೀರಿ. ನನ್ನ ಪುಟ ಹಾಕಿ.”

“ಸಾಹೇಬ್ರೆ, ಲೈಬ್ರರಿ...”

“ಆಗಲ್ಲ ಅಂದ್ರೆ ಹಸ್ತಪ್ರತಿ ವಾಪಸ್ ಕೊಡಿ.”

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು, ಆಮೇಲೆ “ಆಯ್ತು ಬುಡಿ” ಎಂಬ ಮಾತು.

ಪುಸ್ತಕ ಮುನ್ನುಡಿಯಿಲ್ಲದೆ, ನನ್ನ ಪುಟದೊಂದಿಗೆ ಹೊರಬಂತು. ಗ್ರಂಥಾಲಯದವರು ಅದನ್ನು ಕೊಳ್ಳಲಿಲ್ಲ.