ಚಿಕ್ಕಿಗೆ ಏನು ಬೇಕಾಗಿತ್ತು?

ನನಗೆ ಬೇರೆಯವರ ನಡಿಗೆ ಕದಿಯುವ ಚಟವಿದೆ. ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿಂತರೆ ಬಸ್ಸಿನ ಬೋರ್ಡು ನೋಡುವ ಬದಲು ಜನರ ಕಾಲು ನೋಡುತ್ತ ನಿಲ್ಲುತ್ತೇನೆ. ಹೋಗಬೇಕಾದ ಬಸ್ಸು ಎದುರಿಗೇ ಬಂದು, ಶಿಳ್ಳೆ ಹೊಡೆದು, ಹೊರಟೂ ಹೋಗಿರುತ್ತದೆ. ಹೆಂಡತಿ ಮೊದಮೊದಲು ಇದನ್ನು ಬೇರೆಯೇ ಕಾಯಿಲೆ ಎಂದು ತಿಳಿದಿದ್ದಳು. ಈಗ "ಅವರು ಸಿನಿಮಾಕ್ಕೆ ಬರೆಯುವವರಲ್ಲವಾ" ಎಂದು ನೆಂಟರಿಗೆ ಸಮಜಾಯಿಷಿ ಕೊಡುತ್ತಾಳೆ. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಗಿಂತ ಕನಿಕರವೇ ಹೆಚ್ಚು.

ಚಿತ್ರಕಥೆ ಬರೆಯುವುದೆಂದರೆ ಇಲ್ಲದ ಜನರನ್ನು ಹುಟ್ಟಿಸಿ, ಅವರಿಗೆ ಮಾತು ಕಲಿಸಿ, ಇನ್ನೊಬ್ಬರ ಕೈಗೆ ಒಪ್ಪಿಸುವ ಕೆಲಸ. ಹುಟ್ಟಿಸುವ ದಾರಿಗಳು ಹಲವು. ಶುರುವಿನಲ್ಲಿ ನನ್ನದು ಕೌದಿ ಹೊಲಿಯುವ ದಾರಿ. ಬೈಂದೂರು ಬಸ್ಸಿನ ಒಬ್ಬ ಕಂಡಕ್ಟರನ ನಡಿಗೆ, ಬ್ರಹ್ಮಾವರದ ಜವಳಿ ಅಂಗಡಿಯವರ ಕೆಮ್ಮು, ನಮ್ಮ ಗಣಿತದ ಮೇಷ್ಟ್ರ ಸಿಟ್ಟು, ಎಲ್ಲವನ್ನೂ ಸೇರಿಸಿ ಒಬ್ಬ ಸಾಹುಕಾರನನ್ನು ಮಾಡಿದ್ದೆ. ಚಿತ್ರ ಬಿಡುಗಡೆಯಾದ ಮೇಲೆ ಊರಿನ ಹಲವರು "ನನ್ನನ್ನೇ ಬರೆದಿದ್ದೀಯಲ್ಲ" ಎಂದು ಜಗಳಕ್ಕೆ ಬಂದರು. ನಾನು ಯಾರಿಂದ ಕದ್ದಿದ್ದೆನೋ ಆ ಮೂವರು ಮಾತ್ರ ಚಿತ್ರ ನೋಡಿ, ಬೆನ್ನು ತಟ್ಟಿ, "ಅಂಥ ಮನುಷ್ಯರೂ ಇರುತ್ತಾರೆ ನೋಡು" ಎಂದು ಆಶ್ಚರ್ಯಪಟ್ಟುಕೊಂಡು ಹೋದರು.

ಆಮೇಲೆ ಒಂದು ಕಮ್ಮಟಕ್ಕೆ ಹೋಗಿ ಬುದ್ಧಿವಂತನಾದೆ. ಪಾತ್ರ ಹುಟ್ಟುವ ಮೊದಲೇ ಅದರ ಜಾತಕ ಬರೆಯಬೇಕು ಎಂದು ಅಲ್ಲಿ ಕಲಿಸಿದರು. ಇಷ್ಟದ ಬಣ್ಣ ಯಾವುದು, ಯಾವುದಕ್ಕೆ ಹೆದರುತ್ತಾನೆ, ದಿಂಬು ಎಷ್ಟು ದಪ್ಪ ಇರಬೇಕು. ಹೀಗೆ ಬರೆದರೆ ಪಾತ್ರ ತಾನಾಗಿ ಎದ್ದು ಓಡಾಡುತ್ತದಂತೆ. ನನ್ನವು ದಿಂಬಿಗೆ ತಲೆಯಿಟ್ಟು ಮಲಗಿದವು, ಏಳಲೇ ಇಲ್ಲ.

ಹಾಗೆ ನೋಡಿದರೆ ಈ ಎರಡು ದಾರಿಗಳೂ ನಮ್ಮ ಕರಾವಳಿಗೆ ಹೊಸತಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಪಾತ್ರ ಹೊರಗಿನಿಂದ ಒಳಗೆ ಹೋಗುತ್ತದೆ. ಹರಟೆ ಹೊಡೆಯುತ್ತ ಬಣ್ಣಕ್ಕೆ ಕೂತ ಮನುಷ್ಯ ಕಿರೀಟ ಕಟ್ಟುವ ಹೊತ್ತಿಗೆ ಮಾತು ಕಡಿಮೆ ಮಾಡುತ್ತಾನೆ. ಆಮೇಲೆ ಚಹಾ ಕೇಳುವುದೂ ರಾಜನ ಗತ್ತಿನಲ್ಲೇ. ತಾಳಮದ್ದಳೆಯಲ್ಲಿ ಇದು ಉಲ್ಟಾ. ಬಣ್ಣವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕೂತವರು ಬರೀ ಮಾತಿನಲ್ಲಿ ರಾಜರಾಗಬೇಕು, ರಾಕ್ಷಸರಾಗಬೇಕು. ರಾಕ್ಷಸನಿಗೂ ತನ್ನದೇ ನ್ಯಾಯವಿರುತ್ತದೆ, ತನಗೇನು ಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಇದನ್ನೆಲ್ಲ ಚಿಕ್ಕಂದಿನಿಂದ ಪುಕ್ಕಟೆ ನೋಡಿದ ನಾನು, ಅದನ್ನೇ ಕಲಿಯಲು ದೂರದ ಊರಿಗೆ ಹೋಗಿ ಶುಲ್ಕ ಕಟ್ಟಿ ಬಂದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈಚೆಗೆ ನನ್ನ ಚಿಕ್ಕಿಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ. ಗಾಬರಿಯಾಗಬೇಡಿ. ಚಿಕ್ಕಿ, ಅಂದರೆ ನನ್ನ ತಾಯಿಯ ತಂಗಿ, ಗುಲ್ವಾಡಿಯಲ್ಲಿ ಮಗ ಸೊಸೆಯ ಜೊತೆ ಗಟ್ಟಿಯಾಗಿದ್ದಾಳೆ. ಕಳೆದುಹೋಗಲಿದ್ದದ್ದು ಹೊಸ ಚಿತ್ರಕಥೆಯೊಳಗಿನ ಚಿಕ್ಕಿ. ಜಾಗ ಹುಡುಕಲು ಬಂದು ಬೈಂದೂರಿನ ಲಾಡ್ಜಿನಲ್ಲಿ ಇಳಿದಿದ್ದ ನಿರ್ದೇಶಕ, ಬೆಂಗಳೂರಿನ ಹುಡುಗ, ನಯವಾಗಿಯೇ ಹೇಳಿದ. "ಸರ್, ಚಿಕ್ಕಿ ಬಂದಾಗೆಲ್ಲ ನಗು ಬರುತ್ತೆ. ಆದ್ರೆ ಅವಳಿಗೆ ಏನು ಬೇಕು? ಏನೂ ಬೇಡದ ಪಾತ್ರ ಕಥೆಗೆ ಯಾಕೆ ಬೇಕು? ಈ ವಾರ ಸರಿಹೋಗದಿದ್ರೆ ತೆಗೆದುಬಿಡೋಣ."

ನನಗೆ ನಿಜಕ್ಕೂ ಸಂಕಟವಾಯಿತು. ನಾನು ಬರೆಯಲು ಹೊರಟದ್ದೇ ಚಿಕ್ಕಿಯಿಂದ. ನಾನು ಚಿಕ್ಕವನಿದ್ದಾಗ ನಾವೆಲ್ಲ ಗುಲ್ವಾಡಿಯ ಅಮ್ಮಮ್ಮನ ಮನೆಯಲ್ಲಿದ್ದೆವು. ಚಿಕ್ಕಿ ಮದುವೆ ಊಟ ಮುಗಿಸಿ ಬಂದರೆ ಸೀರೆ ಬದಲಿಸುವುದಕ್ಕೂ ಮೊದಲು ಜಗಲಿಯಲ್ಲಿ ಕೂತು ಆ ಮದುವೆಯನ್ನು ಮತ್ತೊಮ್ಮೆ ನಡೆಸುತ್ತಿದ್ದಳು. ಯಾರು ಹೇಗಿದ್ದರೆಂದು ವರ್ಣಿಸುತ್ತಿರಲಿಲ್ಲ, ಅವರೇ ಆಗುತ್ತಿದ್ದಳು. ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ ಭಾವನೊಬ್ಬ ಪಾಯಸ ಬಂದಾಗ "ಬಸ್ ಬಸ್" ಎನ್ನುತ್ತ ಎಲೆಗೆ ಅಡ್ಡ ಹಿಡಿಯುವ ಕೈಯಲ್ಲಿ ಬೆರಳುಗಳ ನಡುವೆ ಎಷ್ಟು ಸಂದು ಬಿಡುತ್ತಾನೆ ಎಂಬುದನ್ನು ತೋರಿಸಿದರೆ ಸಾಕು, ಆ ಮನುಷ್ಯನ ಇಡೀ ಬಾಳು ತಿಳಿಯುತ್ತಿತ್ತು. ಹುಡುಗಿಯ ತಾಯಿ, ಸಿಟ್ಟಾದ ಬೀಗರು, ಓಲಗದವನ ಉಬ್ಬಿದ ಕೆನ್ನೆ, ಎಲ್ಲರೂ ಜಗಲಿಗೆ ಬಂದು ಹೋಗುತ್ತಿದ್ದರು. ಆ ಮಧ್ಯಾಹ್ನಗಳು ಈಗ ಎಲ್ಲಿ ಸಿಗುತ್ತವೆ? ಈಗಿನ ಮದುವೆಗಳು ನಾವು ಮನೆ ತಲುಪುವ ಮೊದಲೇ ಫೋನಿನಲ್ಲಿ ತಲುಪಿರುತ್ತವೆ, ಎಲ್ಲರೂ ನೆಟ್ಟಗೆ ನಿಂತು ಹಲ್ಲು ಬಿಟ್ಟುಕೊಂಡು.

ಅಂಥ ಚಿಕ್ಕಿಗೆ ಏನು ಬೇಕಾಗಿತ್ತು? ಕೇಳಿಯೇ ಬಿಡೋಣ ಎಂದು ಗುಲ್ವಾಡಿಗೆ ಹೋದೆ. ಅವಳು ಅದೇ ಜಗಲಿಯಲ್ಲಿ ಬಸಳೆ ಬಿಡಿಸುತ್ತ ಕೂತಿದ್ದಳು.

"ಹ್ವಾಯ್ ಮಾಣಿ, ಎಂತಕ್ ಮೋರೆ ಹಾಂಗ್ ಮಾಡ್ಕಂಡ್ ಬಂದದ್ದ್?" ಎಂದಳು. ನನ್ನ ತಲೆ ಪೂರಾ ಬೆಳ್ಳಗಾದರೂ ಅವಳಿಗೆ ನಾನು ಇನ್ನೂ ಮಾಣಿ, ಹುಡುಗ.

"ಸಿನಿಮಾದಗೆ ನಿನ್ನ ಹಾಕಿದೆ ಚಿಕ್ಕಿ. ಸಮಾ ಬತ್ತಿಲ್ಲ. ನಿಂಗ್ ಎಂತ ಬೇಕಿದ್ದಿತ್ತ್ ಅಂದೇಳಿ ಡೈರೆಕ್ಟ್ರ್ ಕೇಂತ್ರ್."

"ನಂಗಾ? ಉಂಡದ್ದ್ ಕರಗ್ರೆ ಸಾಕ್." ಒಂದು ದಂಟು ಮುರಿದು ಹಾಕಿದಳು. "ಅಲ್ದಾ, ನಾನ್ ಹ್ಯಾಂಗ್ ಬತ್ತೆ ಅದ್ರಗೆ? ಮಾಡಿ ತೋರ್ಸ್ ಕಾಂಬ."

ನಟನೆಯಲ್ಲಿ ನಾನು ಶತದಡ್ಡ. ಆದರೂ ಅಂಗಳಕ್ಕಿಳಿದು, ಟವೆಲನ್ನೇ ಸೆರಗು ಮಾಡಿ, ಮದುವೆಯಿಂದ ಬಂದವಳಂತೆ ಜಗಲಿ ಹತ್ತಿ, ಉಸ್ಸೆಂದು ಕಂಬಕ್ಕೆ ಒರಗಿ ಕಾಲು ಚಾಚಿದೆ. ಮುಂಬಯಿ ಭಾವನ ಬೆರಳುಗಳನ್ನು ಮಾಡಿದೆ. ಮಾಡಿ, ನನ್ನ ನೆನಪಿನ ಚಿಕ್ಕಿಯ ಹಾಗೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡು, ದನಿಯೇ ಹೊರಡದಂತೆ ಭುಜ ಕುಲುಕಿಸಿ ನಕ್ಕು, ಕೊನೆಗೆ "ಸಾಕೇ, ಸಾಕ್" ಎಂದು ಕಣ್ಣೊರೆಸಿಕೊಂಡೆ.

ಬಸಳೆ ಬಿಡಿಸುತ್ತಿದ್ದ ಕೈ ನಿಂತಿತ್ತು.

"ಅದ್ ನಾನಲ್ಲ ಮಾಣಿ," ಎಂದಳು ಚಿಕ್ಕಿ. "ಕೈ ಆಡ್ಸುದ್ ನಾನೇ. ನೆಗಾಡುದ್ ನಾನಲ್ಲ. ನಾನೇ ನೆಗಾಡ್ರೆ ಆಟ ಕೆಡುದಿಲ್ಯಾ? ಅದ್ ಅಬ್ಬಿ."

ಅಬ್ಬಿ ಎಂದರೆ ಅವಳ ತಾಯಿ, ನನ್ನ ಅಮ್ಮಮ್ಮ. ಅವಳು ಆ ಜಗಲಿಯಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದಳೆಂಬುದು ನನಗೆ ಆಗ ನೆನಪಾಯಿತು.

"ಅಪ್ಪಯ್ಯ ಹೋದ್ಮೇಲೆ ಅಬ್ಬಿ ಒಂದ್ ಮದುವೆಗೂ ಹೋಯ್ಲಿಲ್ಲ," ಎಂದಳು ಚಿಕ್ಕಿ. "ಬರ್ಬೇಡ ಅಂದವ್ರ್ ಯಾರೂ ಇಲ್ಲ. ಬಾ ಅಂದವ್ರೂ ಇಲ್ಲ. ಊರಿನ್ ಮದುವೆ ಅಂದ್ರೆ ಜೀವ ಬಿಡ್ತಿದ್ದವ್ಳ್ ಅವ್ಳ್. ನಾನ್ ಹೋದ್ದ್ ಉಂಬುಕಲ್ಲ ಮಾಣಿ, ಕಂಡ್ಕಂಡ್ ಬಪ್ಪುಕೆ."

ಊಟಕ್ಕಲ್ಲ, ಅಬ್ಬಿಗಾಗಿ ನೋಡಿಕೊಂಡು ಬರಲು. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕ ಕೂತೆ. ಆಡಿ ತೋರಿಸುತ್ತಿದ್ದವಳಿಗೂ ನಗುತ್ತಿದ್ದವಳಿಗೂ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಇಬ್ಬರನ್ನೂ ಒಬ್ಬಳನ್ನಾಗಿ ನೆನಪಿಟ್ಟುಕೊಂಡಿದ್ದೆ. ಪಾತ್ರ ಕಟ್ಟುವ ದಾರಿಗಳನ್ನು ಎಲ್ಲೆಲ್ಲೋ ಕಲಿತು ಬಂದವನಿಗೆ, ನೆನಪು ಎಂಬುದು ನನ್ನನ್ನು ಒಂದು ಮಾತೂ ಕೇಳದೆ ಅದೇ ಕೆಲಸ ಮಾಡಿ ಮುಗಿಸಿದ್ದು ಗೊತ್ತೇ ಇರಲಿಲ್ಲ. ಚಿಕ್ಕಿಗೆ ಏನು ಬೇಕಾಗಿತ್ತು ಎಂಬುದು ಈಗ ತಿಳಿಯಿತು. ಅವಳಿಗೆ ಆ ನಗು ಬೇಕಾಗಿತ್ತು.

ಮರುದಿನ ನಿರ್ದೇಶಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಚಿಕ್ಕಿ ಇರಲಿ ಸರ್. ಗೋಡೆಗೆ ಒರಗಿ ಕೂರೋ ಅಜ್ಜಿಗೆ ಯಾರನ್ನ ಹಾಕೋಣ?" ಎಂದ.

ಆದರೆ ಅದು ಮರುದಿನದ ಮಾತು. ಆ ಸಂಜೆ ನಾನು ಹೊರಡಲು ಎದ್ದಾಗ ಚಿಕ್ಕಿ ಕೈ ಹಿಡಿದು ಮತ್ತೆ ಕೂರಿಸಿದಳು. "ಅಬ್ಬಿ ಹ್ಯಾಂಗ್ ನೆಗಾಡ್ತಿದ್ದಳ್ ಅಂದೇಳಿ ನಂಗ್ ಮರ್ತೇ ಹೋಯಿತ್ತ್," ಎಂದಳು. ಬಸಳೆಯ ಬುಟ್ಟಿಯನ್ನು ಬದಿಗೆ ಸರಿಸಿ, ನನ್ನ ಎದುರಿಗೆ ಸರಿಯಾಗಿ ತಿರುಗಿ ಕೂತಳು.

"ಇನ್ನೊಂದ್ ಸಲ ನೆಗಾಡ್ ಮಾಣಿ, ಕಾಂಬ."